ಸಮಾಜಶಾಸ್ತ್ರದ ಬೆಂಚು

ಮೂವತ್ತು ದಾಟಿದ ಮೇಲೆ ಬಿ.ಎ. ಓದಲು ಹೊರಟವನನ್ನು ನಮ್ಮ ಊರಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ, ಸುಮ್ಮನೆ ನಗುತ್ತಾರೆ. ನನ್ನ ವಿಷಯದಲ್ಲಿ ನಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಜ್ಜಾವರದ ಕಡೆ ನಮ್ಮದು ಧಣಿಗಳ ಮನೆ. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂತು, ಗೇಣಿಗೆ ಉಳುತ್ತಿದ್ದ ಒಕ್ಕಲುಗಳು ಗದ್ದೆ ತಮಗೆ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟರು, ಮನೆಯ ಯಜಮಾನರಾಗಿದ್ದ ನನ್ನ ಸೋದರಮಾವ ಟ್ರಿಬ್ಯೂನಲ್‌ನಲ್ಲಿ ಕೊನೆಯವರೆಗೂ ಜಗಳಾಡಿ ಗದ್ದೆಗಳನ್ನೆಲ್ಲ ಕಳೆದುಕೊಂಡರು. ಗೇಣಿ ಅಕ್ಕಿಯಲ್ಲಿ ಆಯುಷ್ಯ ಸಾಗುತ್ತದೆಂದು ನಂಬಿ ಪಿ.ಯು.ಸಿ.ಗೇ ಓದು ನಿಲ್ಲಿಸಿದ್ದ ನಾನು, ಸುಳ್ಯದ ಒಂದು ಸೊಸೈಟಿಯಲ್ಲಿ ಗುಮಾಸ್ತನಾದೆ. ಡಿಗ್ರಿ ಇಲ್ಲದವನಿಗೆ ಅಲ್ಲಿ ಭಡ್ತಿ ಇರಲಿಲ್ಲ. ನನಗಿಂತ ಚಿಕ್ಕವನೊಬ್ಬ ಸೆಕ್ರೆಟರಿಯಾಗಿ ಬಂದು ಕುಳಿತ ಮೇಲೆ, ಅಂಚೆ ಶಿಕ್ಷಣಕ್ಕೆ ಸೇರುವುದೆಂದು ತೀರ್ಮಾನಿಸಿದೆ.

ಯಾವ ವಿಷಯ ತೆಗೆದುಕೊಳ್ಳುವುದು? ಅದನ್ನೂ ಆ ಸೆಕ್ರೆಟರಿಯನ್ನೇ ಕೇಳಬೇಕಾಯಿತು. ವಾಣಿಜ್ಯ ನನ್ನಿಂದ ಆಗುವಂಥದ್ದಲ್ಲ ಎಂದು ಆತ ಮುಖಕ್ಕೇ ಹೇಳಿದ.

"ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ತಗೊಳ್ಳಿ ಮಾರಾಯ್ರೆ. ಸಮಾಜಶಾಸ್ತ್ರದಲ್ಲಿ ಓದ್ಲಿಕ್ಕೆ ಎಂತ ಉಂಟು? ದಿನಾ ನೋಡುದೇ ಅಲ್ವಾ?"

ಕಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಂಡೆ. ದಿನಾ ನೋಡುವುದನ್ನು ನಾನು ಎಷ್ಟು ನೋಡಿದ್ದೆ ಎಂಬುದು ಮೊದಲ ಭಾನುವಾರವೇ ಗೊತ್ತಾಯಿತು.

ಭಾನುವಾರಗಳಂದು ಪುತ್ತೂರಿನ ಶಾಲೆಯೊಂದರ ಎರಡು ಕೋಣೆಗಳಲ್ಲಿ ನಮಗೆ ಪಾಠ. ಒಂದರಲ್ಲಿ ನಮ್ಮ ಗುಂಪು, ಪಕ್ಕದ್ದರಲ್ಲಿ ಕನ್ನಡ ಮತ್ತು ರಾಜ್ಯಶಾಸ್ತ್ರ ತೆಗೆದುಕೊಂಡವರು. ಪೋಸ್ಟ್‌ಮ್ಯಾನ್, ಬ್ಯಾಂಕಿನ ಅಟೆಂಡರ್, ಪ್ರಾಥಮಿಕ ಶಾಲೆಯ ಮಾಸ್ಟ್ರುಗಳು, ಎಲ್ಲರೂ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದರು. ಸುಳ್ಯದ ಬಸ್ಸು ತಡವಾಗಿ ನಾನು ಒಳಹೊಕ್ಕಾಗ ಪಾಠ ಶುರುವಾಗಿತ್ತು. ಹಿಂದಿನ ಬೆಂಚೊಂದರಲ್ಲಿ ಒಬ್ಬರೇ ಇದ್ದರು. ನಮ್ಮ ಹಳೆಯ ಒಕ್ಕಲಿನ ಮಗ, ಪಂಜದ ಹತ್ತಿರದ ಶಾಲೆಯೊಂದರಲ್ಲಿ ಮಾಸ್ಟ್ರು. ನನ್ನನ್ನು ಕಂಡು ಎದ್ದರು. ನಾನು ಕುಳಿತೆ.

ಸ್ವಲ್ಪ ಹೊತ್ತಿನ ಮೇಲೆ ಪಾಠ ಮಾಡುತ್ತಿದ್ದ ಮೈಸೂರು ಕಡೆಯ ಮೇಷ್ಟ್ರು, ನೀವ್ಯಾಕೆ ನಿಂತೇ ಇದ್ದೀರಿ ಎಂದು ಕೇಳಿದರು. ಯಾರಿಗೆ ಹೇಳುತ್ತಿದ್ದಾರೆಂದು ನಾನೂ ಎಲ್ಲರ ಹಾಗೆ ತಿರುಗಿ ನೋಡಿದೆ. ಮಾಸ್ಟ್ರು ಗೋಡೆಗೆ ಒರಗಿ, ಪುಸ್ತಕವನ್ನು ಅಂಗೈ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದರು. ಸೊಂಟನೋವು ಎಂದರು. ಮೇಷ್ಟ್ರು ನಂಬಿದರು. ಆ ಸೊಂಟಕ್ಕೆ ಯಾವ ನೋವೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಚಾವಡಿಯಲ್ಲಿ ಧಣಿ ಕುಳಿತರೆ ಅಂಗಳದಲ್ಲಿ ಒಕ್ಕಲು ನಿಲ್ಲುವುದು, ಹುಟ್ಟಿದಾಗಿನಿಂದ ಕಂಡದ್ದು. ಅದಕ್ಕೇ ಅವರು ಪಕ್ಕದಲ್ಲೇ ನಿಂತದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುಖ ಬಿಸಿಯಾಯಿತು. ಕುಳಿತುಕೊಳ್ಳಿ ಎನ್ನಲು ಆಗಲೂ ಬಾಯಿ ಬರಲಿಲ್ಲ. ಎಲ್ಲರೆದುರು ಹೇಳಿದರೆ ನಾನು ಯಾರು, ಅವರು ಯಾರು ಎಂದು ಕೋಣೆಗೆಲ್ಲ ತಿಳಿಯುತ್ತದಲ್ಲ ಎಂಬ ಅಳುಕು.

ಮುಂದಿನ ವಾರವೂ ಹಾಗೆಯೇ ನಿಂತರು. ಪಾಠ ಮುಗಿದ ಮೇಲೆ ಮೇಷ್ಟ್ರು, ಅರ್ಜಿಗಳಲ್ಲಿ ಇಬ್ಬರದೂ ಒಂದೇ ಊರೆಂದು ನೋಡಿ, ನನ್ನನ್ನು ಕರೆದರು. ನಿಮ್ಮ ಊರಿನ ಆ ಮಾಸ್ಟ್ರು ಗುಂಪು ಬದಲಾಯಿಸಿಕೊಡಿ ಎನ್ನುತ್ತಿದ್ದಾರೆ, ಇಡೀ ತರಗತಿಯಲ್ಲಿ ಆಸೆಯಿಂದ ಸಮಾಜಶಾಸ್ತ್ರ ಓದಲು ಬಂದವರು ಅವರೊಬ್ಬರೇ, ಸ್ವಲ್ಪ ಬುದ್ಧಿ ಹೇಳಿ ಎಂದರು. ನಾನು ತಲೆಯಾಡಿಸಿದೆ. ಹೊರಗೆ ಬರುವಾಗ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಸುಲಭವೆಂದು ಬಂದು ಕುಳಿತ ನನ್ನಿಂದಾಗಿ, ಅದೇ ಬೇಕೆಂದು ಬಂದವರು ಎದ್ದು ಹೋಗಬೇಕಾಗಿತ್ತು.

ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಹಿಡಿದೆ. ಇಬ್ಬರೂ ಕಣ್ಣು ತಪ್ಪಿಸಿಕೊಂಡೇ ಮಾತಾಡಿದೆವು. ನೀವು ಇಲ್ಲೇ ಇರಿ, ನಾನು ಪಕ್ಕದ ಕೋಣೆಗೆ ಹೋಗುತ್ತೇನೆ, ನನಗೆ ಯಾವುದಾದರೂ ಒಂದೇ ಎಂದೆ. ಹೇಳುವಾಗ ನಾನು ದೊಡ್ಡ ಮನಸ್ಸಿನವನೆಂಬ ಸಣ್ಣ ಹೆಮ್ಮೆಯೂ ಇತ್ತು. ಮಾಸ್ಟ್ರು ಮೆಲ್ಲಗೆ ಹೇಳಿದರು:

"ಅದು ಬೇಡ ಧಣಿಗಳೇ. ನನಗೋಸ್ಕರ ನೀವು ಬಿಟ್ಟುಕೊಟ್ರಿ ಅಂತ ಗೊತ್ತಾದ್ರೆ ಅಪ್ಪ ಪುನಃ ಬಾಳೆಗೊನೆ ಹೊತ್ಕೊಂಡು ನಿಮ್ಮ ಅಂಗಳಕ್ಕೆ ಬರ್ತಾರೆ. ಅವರು ಹಾಗೆ ಬರುದನ್ನು ನಿಲ್ಲಿಸ್ಲಿಕ್ಕೆ ನಾನು ಎಷ್ಟು ಕಷ್ಟಪಟ್ಟಿದ್ದೇನೆ, ನಿಮಗೆ ಗೊತ್ತಿಲ್ಲ."

ಪ್ರತಿ ಹಬ್ಬಕ್ಕೂ ಅವರ ಅಪ್ಪ ತರುತ್ತಿದ್ದ ಗೊನೆ, ಸೌತೆಕಾಯಿಗಳು ನೆನಪಾದವು. ಗದ್ದೆ ಅವರ ಹೆಸರಿಗೆ ಆದ ಮೇಲೂ ಕೆಲವು ವರ್ಷ ತಂದಿದ್ದರು. ಆಮೇಲೆ ಬರುವುದು ನಿಂತಾಗ ನಮ್ಮ ಮನೆಯಲ್ಲಿ, ಭೂಮಿ ಸಿಕ್ಕಿದ ಮೇಲೆ ಸೊಕ್ಕು ಬಂತು ಎಂದಿದ್ದರು. ಹೌದೆಂದು ತಲೆಯಾಡಿಸುತ್ತ ಊಟ ಮಾಡುತ್ತಿದ್ದವರಲ್ಲಿ ನಾನೂ ಇದ್ದೆ.

ಪಂಜದ ಬಸ್ಸು ಬಂತು. ಹತ್ತುವ ಮೊದಲು ಅವರೇ ನಿಂತು ಹೇಳಿದರು.

"ನೀವು ನಿಮ್ಮ ಜಾಗದಲ್ಲೇ ಕೂತ್ಕೊಳ್ಳಿ. ಗುಂಪು ನಾನೂ ಬದಲಾಯಿಸುದಿಲ್ಲ. ಬರುವ ವಾರ ನಾನೂ ಕೂತ್ಕೊಳ್ತೇನೆ."

ಆ ವಾರವೆಲ್ಲ ನಾನು ಒಂಥರಾ ಹಗುರವಾಗಿದ್ದೆ. ಸೊಸೈಟಿಯಲ್ಲಿ ಸೆಕ್ರೆಟರಿಯ ಮಾತಿಗೂ ಸಿಟ್ಟು ಬರಲಿಲ್ಲ. ಭಾನುವಾರ ಮುಂಚಿನ ಬಸ್ಸು ಹಿಡಿದು ಹೋಗಿ, ಅದೇ ಬೆಂಚಿನ ಒಂದು ತುದಿಗೆ ಸರಿದು ಜಾಗ ಬಿಟ್ಟು ಕುಳಿತೆ. ಅವರು ಬಂದರೆ ಕೈ ತೋರಿಸಿ ಕುಳಿತುಕೊಳ್ಳಿ ಎನ್ನಬೇಕು, ಈ ಸಲ ಎಲ್ಲರಿಗೂ ಕೇಳುವ ಹಾಗೆ ಎನ್ನಬೇಕು ಎಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ.

ಮಾಸ್ಟ್ರು ಬಂದರು. ಚೀಲವನ್ನು ಕಾಲಬುಡದಲ್ಲಿಟ್ಟರು. ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತು ಪುಸ್ತಕ ಬಿಡಿಸಿದರು.

ನಾನು ಬೇಕೆಂದದ್ದೂ ಅದೇ. ಆದರೂ, ಒಂದು ಮಾತು ಕೇಳದೆ ಕುಳಿತೇಬಿಟ್ಟರಲ್ಲ ಎಂದು ನನ್ನೊಳಗೆ ಚುರುಕ್ಕೆಂದಿತು. ಬಿ.ಎ. ಪಾಸಾಯಿತು, ಭಡ್ತಿಯೂ ಸಿಕ್ಕಿತು. ಆವತ್ತು ಹಾಗೆ ಚುರುಕ್ಕೆಂದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.