ಹಾಲ್ ಕೈಸಾ, ನರಸಮ್ಮ?

ಬೆಂಗಳೂರಿನ ಶ್ರೀಗಂಧದ ಕಾವಲಿನ ನಾಲ್ಕಂತಸ್ತಿನ ಮನೆಗಳ ನಡುವೆ ಇನ್ನೂ ಹಸು ಕಟ್ಟಿಕೊಂಡಿರುವವರು ನಮ್ಮ ನರಸಮ್ಮ. ಅವರಲ್ಲಿ ಹಾಲು ಕೊಳ್ಳುವವರಿಗೆ ಒಂದೇ ನಿಯಮ, ಹಾಲಿನ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ಒಮ್ಮೆ ‘ಯಾಕೋ ತೆಳ್ಳಗಿದೆ’ ಎಂದು ಬಾಯಿಬಿಟ್ಟು ನಾನು ಎಷ್ಟೋ ದಿನ ಪ್ಯಾಕೆಟ್ ಹಾಲಿನ ಕಾಫಿ ಕುಡಿದಿದ್ದೇನೆ.

ಅಂಥವರ ಕೊಟ್ಟಿಗೆ ಮುಂದೆ ದಿನಾ ಬೆಳಿಗ್ಗೆ ಒಬ್ಬ ಬಸುರಿ ಹುಡುಗಿ ನಗುತ್ತಾ ನಿಂತು ಕೇಳತೊಡಗಿದಳು: “ಹಾಲ್ ಕೈಸಾ, ಆಂಟಿ?” ಎದುರು ಕಟ್ಟಡದ ಕೆಲಸಕ್ಕೆ ಗಂಡನ ಜೊತೆ ಜಾರ್ಖಂಡ್‌ನಿಂದ ಬಂದ ಫುಲ್ಮಣಿ ಅವಳು.

ನರಸಮ್ಮನಿಗೆ ಬರುವ ನಾಲ್ಕು ಹಿಂದಿ ಮಾತಿನಲ್ಲಿ ‘ಕೈಸಾ’ ಒಂದು. ಸಿಟ್ಟು ನೆತ್ತಿಗೇರಿತು.

“ನನ್ ಹಾಲು ಹೆಂಗಿದೆ ಅಂತ ಕೇಳ್ತೀಯೇನೇ? ನೀನೇ ಕುಡ್ದು ನೋಡು!”

ಲೋಟ ತುಂಬಿಸಿ ಕೈಗಿಟ್ಟರು. ಹುಡುಗಿ ಕುಡಿದು ಹೋದಳು. ಮರುದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಲೋಟ. “ಇವ್ಳಿಗೆ ಇನ್ನೂ ನಂಬ್ಕೆ ಬಂದಿಲ್ಲ ನೋಡಿ ಸಾರ್,” ಎಂದು ನನ್ನ ಹತ್ತಿರ ದೂರು. ದೂರುತ್ತಲೇ ಲೋಟವನ್ನೂ ದೊಡ್ಡದು ಮಾಡಿದರು.

ಒಂದು ಬೆಳಿಗ್ಗೆ ಫುಲ್ಮಣಿ ಬರಲಿಲ್ಲ. ನರಸಮ್ಮ ಲೋಟ ಹಿಡಿದು ಹೋಗಿ ನೋಡಿದರೆ ತಗಡಿನ ಶೆಡ್ಡಿನಲ್ಲಿ ಜ್ವರದಿಂದ ನಡುಗುತ್ತಿದ್ದಾಳೆ. ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಅವಳ ಗಂಡ, ಕಟ್ಟಡದ ಮೇಸ್ತ್ರಿ ಸಿದ್ದೇಶನನ್ನು ಅಂಗಲಾಚುತ್ತಿದ್ದಾನೆ.

“ಇವತ್ತು ತಾರಸಿಗೆ ಮೋಲ್ಡ್ ಹಾಕ್ಬೇಕು, ಕಾಂಕ್ರೀಟ್ ಲಾರಿ ಬರುತ್ತೆ. ಯಾರೂ ಹೊರಗೆ ಹೋಗಂಗಿಲ್ಲ. ಸಾಯಂಕಾಲ ನೋಡೋಣ,” ಎಂದ ಸಿದ್ದೇಶ.

“ಬಸುರಿ ಕಣಯ್ಯಾ! ಕೂಲಿಗೆ ಬಂದಿರೋದು ಅವ್ಳು, ಸಾಯಕ್ಕಲ್ಲ!” ಎಂದು ನರಸಮ್ಮ ರೇಗಿದರು.

ಅವನು ಫೋನು ಕಿವಿಗಿಟ್ಟುಕೊಂಡ. ನರಸಮ್ಮ ಹಿಂತಿರುಗಿ, ಹಸು ಗೌರಿಯನ್ನು ಬಿಚ್ಚಿ ತಂದು ಕಟ್ಟಡದ ಗೇಟಿಗೇ ಕಟ್ಟಿದರು. ಗೌರಿ ಆರಾಮಾಗಿ ಮಲಗಿ ಮೆಲುಕು ಹಾಕತೊಡಗಿತು. ಕಾಂಕ್ರೀಟ್ ಲಾರಿ ಬಂದು ಹಾರನ್ ಹೊಡೆಯಿತು. ಡ್ರೈವರ್ ಇಳಿದು, ಚಪ್ಪಲಿ ಬಿಟ್ಟು, ಗೌರಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ವಾಪಸ್ ಹತ್ತಿ ಕೂತ. ಸಿದ್ದೇಶ ಓಡಿ ಬಂದು ಹಗ್ಗಕ್ಕೆ ಕೈಹಾಕಿದ.

“ಇವ್ಳೂ ಬಸುರಿ ಕಣಪ್ಪಾ. ಎಬ್ಬಿಸ್ಬೇಡ. ಸಾಯಂಕಾಲ ನೋಡೋಣ,” ಎಂದರು ನರಸಮ್ಮ.

ಬೀದಿಯೆಲ್ಲಾ ನಕ್ಕಿತು. ಲಾರಿಯೊಳಗಿನ ಕಾಂಕ್ರೀಟ್ ಗಟ್ಟಿಯಾಗುವ ಹೆದರಿಕೆಗೆ ಸಿದ್ದೇಶನೇ ಆಟೋ ಕರೆದ.

ಸರ್ಕಾರಿ ಆಸ್ಪತ್ರೆಯ ನರ್ಸ್ ಜ್ಯೋತಿಲಕ್ಷ್ಮಿ ಫುಲ್ಮಣಿಯನ್ನು ಹಿಂದಿಯಲ್ಲೇ ವಿಚಾರಿಸಿಕೊಂಡು, “ಬೇಗ ಕರ್ಕೊಂಡ್ ಬಂದ್ರಿ, ತಾಯಿ ಮಗು ಇಬ್ರಿಗೂ ಏನೂ ತೊಂದ್ರೆ ಇಲ್ಲ,” ಎಂದರು. ನರಸಮ್ಮನಿಗೆ ಅಷ್ಟಕ್ಕೇ ಸಮಾಧಾನವಿಲ್ಲ.

“ನಿಮಗೆ ಹಿಂದಿ ಬರುತ್ತಲ್ಲ, ಕೇಳಿ. ದಿನಾ ‘ಹಾಲ್ ಕೈಸಾ’ ಅಂತಾಳೆ. ನನ್ ಹಾಲಿನ ಮೇಲೆ ಏನಂತೆ ಅನುಮಾನ?”

ನರ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಅಮ್ಮಾ, ಹಿಂದೀಲಿ ‘ಹಾಲ್’ ಅಂದ್ರೆ ಯೋಗಕ್ಷೇಮ. ‘ಹೇಗಿದೀರಾ’ ಅಂತ ಕೇಳ್ತಿರೋದು!”

ನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಷ್ಟ್ ವರ್ಷ ಬೀದಿಗೆಲ್ಲಾ ಹಾಲ್ ಹಾಕಿದೀನಿ, ಹೆಂಗಿದೀಯಾ ಅಂದೋಳು ಇವ್ಳೊಬ್ಳೇ,” ಎಂದರು.

ಈಗ ಸಿದ್ದೇಶನೂ ಅವರಲ್ಲೇ ಹಾಲು ಕೊಳ್ಳುತ್ತಾನೆ. ಅವನು ಪಾತ್ರೆ ಚಾಚಿದ ಕೂಡಲೇ ನರಸಮ್ಮ ಕೇಳುತ್ತಾರೆ: “ಫುಲ್ಮಣಿ ಹಾಲ್ ಕೈಸಾ?” ಉತ್ತರ ಸರಿಯಿದ್ದರೆ ಮಾತ್ರ ಪಾತ್ರೆಗೆ ಹಾಲು ಬೀಳುತ್ತದೆ.