ಎರಡು ಪಂದ್ಯಗಳ ಆಟಗಾರ್ತಿ

ನಾನು ಭಾರತಕ್ಕೆ ಆಡಿದ್ದು ಎರಡೇ ಎರಡು ಪಂದ್ಯ. ಈಗ ಬೇಲೂರಿನಲ್ಲಿ ಹುಡುಗಿಯರಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. 'ಅಷ್ಟೇನಾ ಮೇಡಂ?' ಎಂದು ಯಾರಾದರೂ ಕೇಳಿದರೆ, 'ನೀವೆಷ್ಟು ಆಡಿದ್ದೀರಿ?' ಎಂದು ತಿರುಗಿ ಕೇಳಿಬಿಡುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡಲಿ!

ನಾನು ಸ್ಪಿನ್ ಬೌಲರ್. ಮೊದಲ ಪಂದ್ಯದಲ್ಲಿ ಒಂದೂ ವಿಕೆಟ್ ಸಿಗಲಿಲ್ಲ. ಎರಡನೆಯದರಲ್ಲೂ ಸಿಗದಿದ್ದರೆ ಊರವರಿಗೆ ಹೇಗೆ ಮುಖ ತೋರಿಸುವುದು ಎಂಬುದೇ ನನ್ನ ಚಿಂತೆ. ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯಲ್ಲಿ ಅಪ್ಪಾಜಿ ಟೀವಿ ಇಡಿಸಿದ್ದರು. ಹಳೇಬೀಡು, ಜಾವಗಲ್‌ನಿಂದ ನೆಂಟರು ಬೆಳಗಿನ ಬಸ್ಸಿಗೇ ಬಂದು ಕೂತಿದ್ದರಂತೆ. ಒಂದೇ ಒಂದು ವಿಕೆಟ್ ಕೊಡಪ್ಪಾ ಶಿವನೇ ಎಂದು ಬೇಡಿಕೊಂಡು ಚೆಂಡು ಹಿಡಿದೆ.

ಹಿಡಿದವಳು ಸುಮ್ಮನೆ ಎಸೆಯಬಾರದೇ? ಕಿವಿಯ ಹತ್ತಿರ ತಂದು ಅಲ್ಲಾಡಿಸಿದೆ! ಅಟ್ಟದ ತೆಂಗಿನಕಾಯಿಯನ್ನು ಹೀಗೆ ಅಲ್ಲಾಡಿಸಿ, ಒಳಗೆ ಗಡಗಡ ಎಂದರೆ ಕೊಬ್ಬರಿ ಒಣಗಿದೆ ಎಂದು ತಿಳಿಯುತ್ತಿದ್ದ ಮನೆ ನಮ್ಮದು. ದುಂಡಗಿರುವ ಏನೇ ಕೈಗೆ ಬಂದರೂ ನನಗೆ ಅದೇ ಅಭ್ಯಾಸ. ನಾನೇನೋ ಕಿತಾಪತಿ ಮಾಡಿದೆನೆಂದು ಅಂಪೈರ್ ಚೆಂಡನ್ನು ಇಸಿದುಕೊಂಡು, ಹೊಲಿಗೆಯನ್ನೆಲ್ಲ ತಿರುಗಿಸಿ ನೋಡಿದರು. ನನ್ನ ಇಂಗ್ಲಿಷು ಅಲ್ಲೇ ಕೈಕೊಟ್ಟಿತು. ಬೆಂಗಳೂರಿನವಳಾದ ನಮ್ಮ ವಿಕೆಟ್ ಕೀಪರ್ ನಗು ತಡೆದುಕೊಂಡು ಕೊಬ್ಬರಿಯ ಕಥೆ ವಿವರಿಸಿದಳು. ಅಂಪೈರ್ ತಾವೂ ಒಮ್ಮೆ ಕಿವಿಗೆ ಹಿಡಿದು ಅಲ್ಲಾಡಿಸಿ, ನಗುತ್ತಾ ಚೆಂಡನ್ನು ವಾಪಸ್ ಕೊಟ್ಟರು. ಬ್ಯಾಟ್ ಹಿಡಿದಿದ್ದವಳಿಗೂ ನಗು. ನಾನು ಎಸೆದ ಚೆಂಡಿಗೆ ಅವಳು ಮುಂದೆ ನುಗ್ಗಿದಳು, ಚೆಂಡು ತಿರುಗಿತು, ಕೀಪರ್ ಸ್ಟಂಪ್ ಹಾರಿಸಿದಳು. ಅಯ್ಯೋ, ಆ ಖುಷಿ! ನಾನು ಕುಣಿದುಬಿಟ್ಟೆ.

ಆಮೇಲೆ ಬಂದವಳು ನನ್ನನ್ನು ಹಿಗ್ಗಾಮುಗ್ಗಾ ಚಚ್ಚಿದಳು. ಸಿಕ್ಸರ್ ಮೇಲೆ ಸಿಕ್ಸರ್. ಪಂದ್ಯ ಸೋತೆವು. ನನ್ನನ್ನು ಮತ್ತೆ ತಂಡಕ್ಕೆ ಕರೆಯಲಿಲ್ಲ.

ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಯಲು ಕಾಲೇ ಬರಲಿಲ್ಲ. ಇಡೀ ಮಂಡಿ ಆ ಸಿಕ್ಸರ್‌ಗಳನ್ನು ನೋಡಿರುತ್ತದಲ್ಲ ಎಂಬ ನಾಚಿಕೆ. ಅಪ್ಪಾಜಿ ಬ್ಯಾಗಿಗೆ ಕೈ ಚಾಚಿದರು. ನಾನೇ ಬಾಯಿಬಿಟ್ಟೆ.

"ಕೊನೇಲಿ ತುಂಬಾ ಹೊಡೆಸ್ಕೊಂಡೆ, ಅಪ್ಪಾಜಿ."

"ಯಾವಾಗವ್ವ?"

"ವಿಕೆಟ್ ಬಿದ್ಮೇಲೆ. ನೀವು ನೋಡ್ಲಿಲ್ವಾ?"

"ಎಲ್ಲಿ ನೋಡಾನ? ನೀನು ಔಟ್ ಮಾಡ್ತಿದ್ದಂಗೇ ನಿಮ್ಮಜ್ಜಿ ಉಪ್ಪು ಮೆಣಸಿನಕಾಯಿ ತಂದು ಟೀವಿಗೇ ದೃಷ್ಟಿ ತೆಗುದ್ಲು. ಇಷ್ಟು ಜನ ಇನ್ನೂ ನೋಡ್ತಾ ಕೂತ್ರೆ ಮಗೀಗೆ ಕಣ್ಣಾಯ್ತದೆ ಅಂತ ಆರಿಸೇಬುಟ್ಲು. ಎಲ್ರೂ ಹೋಳಿಗೆ ಊಟಕ್ಕೆ ಕೂತ್ಕೊಂಡ್ವಿ ಕಣವ್ವ."

ಪ್ಲಾಟ್‌ಫಾರ್ಮಿನಲ್ಲೇ ಗೊಳ್ಳೆಂದು ನಕ್ಕೆ, ಕಣ್ಣಲ್ಲಿ ನೀರೂ ಬಂತು. ನಮ್ಮ ಮಂಡಿಯವರು ಕಂಡಂತೆ, ನಾನು ದೇಶಕ್ಕಾಗಿ ಎಸೆದ ಕೊನೆಯ ಚೆಂಡಿಗೆ ವಿಕೆಟ್ ಬಿದ್ದಿದೆ.