ವಾಲಗದವರಿಗೆ ಕೊಟ್ಟ ವೀಳ್ಯ

ಗೆಳತಿಯರೇ, ಇವತ್ತು ನನ್ನನ್ನು ನೋಡಲು ಕೊಟ್ಟಾರದಿಂದ ಜಟಕಾದಲ್ಲಿ ಹುಡುಗ ಬಂದಿದ್ದ. ಜೊತೆಗೆ ಕೋರ್ಟಿನಲ್ಲಿ ಗುಮಾಸ್ತರಾಗಿರುವ ಅವನ ಸೋದರಮಾವ. ಬೆಲ್ಲ ನೀರು ಕುಡಿಯುತ್ತಲೇ ಮಾವ, "ಮದುವೆಗೆ ವಾಲಗದವರಿಗೆ ವೀಳ್ಯ ಕೊಟ್ಟೇ ಬಂದೆ" ಎಂದರು. ನನ್ನನ್ನು ಇನ್ನೂ ಯಾರೂ ಕೇಳಿರಲಿಲ್ಲ! ಮೇಲಿಂದ ಪರೀಕ್ಷೆ ಬೇರೆ: "ಕಾನ್ವೆಂಟಿನಲ್ಲಿ ಕಲಿತದ್ದಲ್ವಾ? ಪ್ರಿಸ್ಯೂಮ್ ಅಂದ್ರೆ ಎಂತ, ಹೇಳು."

"ಕೇಳದೆಯೇ ಹೌದು ಅಂದುಕೊಳ್ಳುವುದು. ಮೂಲ ಲ್ಯಾಟಿನ್, ಮೊದಲೇ ತೆಗೆದುಕೊಳ್ಳುವುದು ಅಂತ. ಹುಡುಗಿ ಒಪ್ಪುವ ಮೊದಲೇ ವಾಲಗ ಗೊತ್ತುಮಾಡಿದ ಹಾಗೆ" ಎಂದೆ.

ಅಮ್ಮನ ಮುಖ ಬಿಳುಚಿತು. ಹುಡುಗ ಮಾತ್ರ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತುವಷ್ಟು ನಕ್ಕ. ಆ ನಗು ನನಗೆ ಹಿಡಿಸಿತು.

"ವಾಲಗದವರಿಗೆ ಬೇಡ ಅನ್ನಬೇಡಿ" ಎಂದೆ.

ಮಾವ ಮೀಸೆ ತಿರುವಿದರು: "ನಾನು ಮೊದಲೇ ಪ್ರಿಸ್ಯೂಮ್ ಮಾಡಿದ್ದೆ ಮಾರಾಯ್ತಿ!"